ಉಡದಾರದ ಅಳತೆ

ಯುದ್ಧದ ಕಾಲದಲ್ಲಿ ನಾವು ಹಳಿಯಾಳದ ಕಡೆಯವರು ಅನಮೋಡದ ಘಟ್ಟದ ಮೇಲೆ ಮರ ಕಡಿಯುವವರ ಬಿಡಾರಕ್ಕೆ ಅಕ್ಕಿ ಚೀಲ ಹೊರುತ್ತಿದ್ದೆವು. ನಮ್ಮ ಕೂಲಿಯಾಳುಗಳ ಮೇಲಿನ ಮುಕಾದಮ ಬರೀ ಬೆತ್ತ ಹಿಡಿದು ಮುಂದೆ ನಡೆಯುತ್ತಿದ್ದ. ಏರು ಮುಗಿದ ಕೂಡಲೇ ತನ್ನ ಉಡದಾರದೊಳಗೆ ಬೆರಳು ತೂರಿಸಿ, ಹೊಟ್ಟೆ ಎಷ್ಟು ಇಳಿದಿದೆ ಎಂದು ನೋಡುತ್ತಿದ್ದ. ಎಷ್ಟು ಬೆರಳು ಹಿಡಿಸಿದವೋ ನಮಗೆ ತಲೆಗೆ ಅಷ್ಟೇ ರೊಟ್ಟಿ.

"ಎರಡ ಬೆರಳು. ಈ ಏರು ಎರಡ ರೊಟ್ಟಿ ತಿಂದೈತಿ. ಹೊಟ್ಟಿ ಸುಳ್ಳ ಹೇಳಂಗಿಲ್ಲೋ ತಮ್ಮಾ!" ದಿನವೂ ಅದೇ ಮಾತು.

"ಹೊಟ್ಟಿ ನಿಮ್ದು, ಚೀಲ ನಮ್ದರೀ" ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತು. ದುಡಿಮೆಯಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ, ಹಸಿವೆಯಲ್ಲೂ ಅಷ್ಟೇ.

ಒಂದು ದಿನ ಏರಿನ ಬುಡದಲ್ಲೇ ಚೀಲ ಇಳಿಸಿ, "ಇವತ್ತ ನೀವ ಹೊತ್ತು ಅಳೀರಿ" ಎಂದೆ. ಎಲ್ಲರೂ ನಕ್ಕರು. ಅವನು ಹಟಕ್ಕೆ ಬಿದ್ದು ಹೊತ್ತ. ಮೇಲೆ ಬಂದವನೇ ಕುಸಿದು ಕೂತ. ಉಸಿರು ಮರಳಿದ ಮೇಲೆ ಬೆರಳು ತೂರಿಸಿದರೆ ಇಡೀ ಅಂಗೈ ಒಳಗೆ ಹೋಯಿತು. ಇವತ್ತಾದರೂ ಹೊಟ್ಟೆ ತುಂಬುತ್ತದೆ ಎಂದು ನಾವು ಬುತ್ತಿಯ ಸುತ್ತ ಕೂತೆವು.

ಅವನು ನಾಲ್ಕು ರೊಟ್ಟಿ ತಿಂದು, ನೀರು ಕುಡಿದು, ಉಡದಾರ ಬಿಗಿದುಕೊಂಡ.

"ಮುಂಜಾನೆನ ಸಡಲ ಕಟ್ಟಿದ್ನೋ ತಮ್ಮಾ. ಇವತ್ತಿನ ಅಳತಿ ಹಿಡೀಬಾರ್ದು" ಎಂದವನೇ ನಮ್ಮ ಕೈಗೆ ಎರಡೆರಡೇ ರೊಟ್ಟಿ ಇಟ್ಟ.