ಕುಡಿಯದವನ ಲಿವರ್

ಈ ಊರಿಗೆ ಬಂದ ಎರಡನೇ ವರ್ಷ, ಒಂದು ಹನಿಯೂ ಮುಟ್ಟದೆ ನಾನು ಕುಡುಕನಾದೆ. ನಾನಿರುವ ಈ ವಿಜಯಪುರದವರ ಕಣ್ಣಿಗಲ್ಲ, ಕೊಳ್ಳೇಗಾಲದ ನಮ್ಮೂರಿನವರಾದ ನಿಮ್ಮ ಕಣ್ಣಿಗೆ.

ತಿಕೋಟಾ, ಬಬಲೇಶ್ವರದ ಕಡೆ ಒಣದ್ರಾಕ್ಷಿ ಇಡುವ ಶೀತಲಗೃಹಗಳ ಯಂತ್ರ ರಿಪೇರಿ ನನ್ನ ಕೆಲಸ. ಒಣದ್ರಾಕ್ಷಿಗೆ ಇಲ್ಲಿ ಮಣೂಕ ಅನ್ನುತ್ತಾರೆ. ನಮ್ಮಲ್ಲಿ ಟೀ ಬೇಡವೆಂದರೆ ಒಂದು ಲೋಟ ಉಳಿಯಿತು ಎಂದುಕೊಳ್ಳುತ್ತಾರೆ. ಇಲ್ಲಿ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. "ಚಾ ಒಲ್ಲೆ ಅಂದ್ರ ಹೆಂಗ್ರಿ? ನಮ್ಮ ಮ್ಯಾಲ ಸಿಟ್ಟೇನ್ರಿ?" ಹಿಂದೆಯೇ ಅಂಗೈಗೆ ಒಂದು ಹಿಡಿ ಮಣೂಕ: "ತಿನ್ರಿ, ರಕ್ತ ಆಗತೈತಿ." ಹೋದ ಶೆಡ್ಡಿನಲ್ಲೆಲ್ಲ ಇದೇ ಉಪಚಾರ. ಒಂಟಿಯಾಗಿದ್ದವನಿಗೆ ಯಾರಾದರೂ ಕರೆದು ಕೂರಿಸಿದರೆ ಸಾಕಾಗಿತ್ತು. ಹೊಟ್ಟೆ ಮುಂದೆ ಬಂತು, ಉಂಡ ಕೂಡಲೇ ಕಣ್ಣು ಎಳೆಯುತ್ತಿತ್ತು, ಬಿ.ಪಿ. ಏರಿತು. ಶುಗರ್ ಮಾತ್ರ ಸರಿಯಾಗಿತ್ತು. ಆ ಧೈರ್ಯದಲ್ಲೇ ಇದ್ದೆ.

ಸ್ಕ್ಯಾನ್ ಮಾಡಿಸಿದ ಡಾಕ್ಟರಮ್ಮ ಲಿವರಿನಲ್ಲಿ ಕೊಬ್ಬು ಕೂತಿದೆ ಎಂದರು. ನಾನು ಪೆದ್ದನಂತೆ ಅದನ್ನೇ ಹೆಂಡತಿ ರತ್ನಳಿಗೆ ಫೋನಿನಲ್ಲಿ ಹೇಳಿದೆ. ಅವಳ ಅಪ್ಪ ಕುಡಿದು ಲಿವರ್ ಕೆಟ್ಟು ಸತ್ತವರು.

"ನಮ್ಮಪ್ಪನೂ ಮುಟ್ಟೇ ಇಲ್ಲ ಅಂತ್ಲೇ ಆಣೆ ಮಾಡ್ತಿತ್ತು," ಎಂದಳು. "ನಾನು ಮಗೀನ ಕರ್ಕೊಂಡು ಅಲ್ಲಿಗೆ ಬರಕಿಲ್ಲ."

ಬೇಸಿಗೆ ಮುಗಿದ ಮೇಲೆ ಮಗಳನ್ನು ಇಲ್ಲಿನ ಶಾಲೆಗೆ ಸೇರಿಸಿ ಮೂವರೂ ಒಟ್ಟಿಗೆ ಇರುವುದೆಂದು ಮಾತಾಗಿತ್ತು. ಅದೆಲ್ಲ ಒಂದು ಫೋನಿನಲ್ಲಿ ಮುರಿದುಬಿತ್ತು, ಸುದ್ದಿ ಊರಲ್ಲಿ ನಿಮಗೆಲ್ಲ ತಲುಪಿತು. ಎಷ್ಟು ಆಣೆ ಇಟ್ಟರೂ ನನ್ನ ಮಾತು ಅವಳಿಗೆ ಅಪ್ಪನ ಮಾತಿನಂತೆಯೇ ಕೇಳಿಸುತ್ತಿತ್ತು.

ಒಂದು ಬೆಳಿಗ್ಗೆ, ಮಗಳನ್ನು ತನ್ನ ಅವ್ವನ ಹತ್ತಿರ ಬಿಟ್ಟು, ಹೇಳದೆ ಕೇಳದೆ ಬಂದಿಳಿದಳು. ಸೊಲ್ಲಾಪುರ ರಸ್ತೆಯ ನನ್ನ ಕೋಣೆಯಲ್ಲಿ ಮಂಚದ ಕೆಳಗೆ, ಡಬ್ಬಿಗಳ ಹಿಂದೆ ಬಾಟಲಿ ಹುಡುಕಿದಳು. ನೋಡುತ್ತ ನಿಂತ ನನಗೆ ಅಳು, ಸಿಟ್ಟು ಎರಡೂ ಬಂದವು. ಮನೆಯ ಮಾಲಕಿ ಮೆಹಬೂಬಿ ಬಾಗಿಲಿಗೆ ಬಂದರು. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ.

"ಕುಡಿಯೋರಿಗೆ ನಾ ಮನಿ ಕೊಡಂಗಿಲ್ಲವ್ವ. ಇವ ಬಂದ ಹೊಸದರಾಗ ದಿನಾ ಸಂಜಿಕ ನೀರ ಕೊಡೋ ನೆವಾ ಮಾಡಿ ಬಾಯಿ ವಾಸನಿ ನೋಡೇನಿ."

ಆ ನೀರನ್ನು ನಾನು ಅಕ್ಕರೆ ಎಂದುಕೊಂಡಿದ್ದೆ. ರತ್ನ ಮಾತ್ರ ಕರಗಲಿಲ್ಲ. ಡಾಕ್ಟರ್ ಬಾಯಿಂದಲೇ ಕೇಳಬೇಕೆಂದಳು.

"ಕುಡಿಲಾರದವರಿಗೂ ಹಿಂಗ ಆಗತೈತ್ರಿ," ಎಂದರು ಡಾಕ್ಟರಮ್ಮ. "ಇವರ ಮೈಯಾಗ ಇನ್ಸುಲಿನ್ ಐತಿ, ಮೈ ಅದರ ಮಾತ ಕೇಳವಲ್ದು. ಅದಕ್ಕ ಇನ್ನೂ ಹೆಚ್ಚ ಇನ್ಸುಲಿನ್ ತಯಾರಾಗಾಕತ್ತೈತಿ. ಸಕ್ಕರಿ ಹತೋಟಿಯೊಳಗ ಕಾಣತೈತಿ, ಆದ್ರ ಲಿವರ್, ಬಿ.ಪಿ., ಹೃದಯ ಎಲ್ಲಾಕ್ಕೂ ಪೆಟ್ಟು."

ಇದಕ್ಕೆ ಇನ್ಸುಲಿನ್ ಪ್ರತಿರೋಧ ಎಂದು ಹೆಸರಂತೆ. ನನಗೆ ನನ್ನ ಕೆಲಸದ ಭಾಷೆಯಲ್ಲೇ ಅರ್ಥವಾಯಿತು. ಬಾಗಿಲು ಸರಿಯಾಗಿ ಮುಚ್ಚದ ಶೀತಲಗೃಹದಲ್ಲಿ ಕಂಪ್ರೆಸರ್ ಬಿಡದೆ ಓಡುತ್ತದೆ. ಒಳಗೆ ತಣ್ಣಗೇ ಇರುತ್ತದೆ, ಯಂತ್ರ ಸವೆಯುತ್ತದೆ.

ಮಾತಾಡುತ್ತಲೇ ಅವರು ರತ್ನಳ ಕುತ್ತಿಗೆ ನೋಡಿದರು. ಸುತ್ತಲೂ ಕಪ್ಪು ಪಟ್ಟಿ. ಸರದ ಕರೆ ಎಂದುಕೊಂಡು ಅವಳು ನಿಂಬೆಹಣ್ಣು ಹಾಕಿ ಉಜ್ಜುತ್ತಿದ್ದಳು. "ಮುಟ್ಟು ಸರಿಯಾಗಿ ಆಗತೈತೇನ್ರಿ?" ಎಂದರು ಡಾಕ್ಟರ್. ರತ್ನ ಇಲ್ಲವೆಂದು ತಲೆಯಾಡಿಸಿದಳು. ಪರೀಕ್ಷೆಗಳಾದವು. ಕುತ್ತಿಗೆಯ ಕಪ್ಪಿಗೂ ಮುಟ್ಟಿನ ತೊಂದರೆಗೂ ಅದೇ ಇನ್ಸುಲಿನ್ ಪ್ರತಿರೋಧ ಮೂಲ, ಅವಳ ಲಿವರಿನಲ್ಲೂ ಕೊಬ್ಬು.

"ಹಂಗಾರೆ ನಾನೂ ಕುಡಿತೀನಾ ಡಾಕ್ಟ್ರೇ?" ಎಂದು ಮೆಲ್ಲಗೆ ಕೇಳಿದಳು.

ನಾನು ಈ ಊರಿನ ಚಹಾವನ್ನು ಬೈದುಕೊಂಡಿದ್ದೆ, ಅವಳು ಈ ಊರಿನ ಸಾರಾಯಿಯನ್ನು. ಕೊಳ್ಳೇಗಾಲ ಬಿಡದೆ ಅನ್ನ ಉಂಡುಕೊಂಡಿದ್ದವಳಿಗೂ ಅದೇ ಬಂದಿತ್ತು. ಹೊರಗೆ ಬಂದಾಗ ಅವಳು ನನ್ನ ಕೈ ಹಿಡಿದಳು. ತನ್ನ ಕುತ್ತಿಗೆಗೆ ಬರುವವರೆಗೂ ನಂಬಲಿಲ್ಲವಲ್ಲ ಎಂದು ನನಗೆ ನೋವಾಗಿತ್ತು, ಕೈ ಬಿಡಿಸಿಕೊಳ್ಳಲಿಲ್ಲ.

ಈಗ ಊಟವಾದ ಮೇಲೆ ಇಬ್ಬರೂ ನಡೆಯುತ್ತೇವೆ. ಶೆಡ್ಡುಗಳಲ್ಲಿ ಸಕ್ಕರೆ ಇಲ್ಲದ ಚಹಾ ಕೇಳುತ್ತೇನೆ. "ಭಾಳ ದೊಡ್ಡಾಂವ ಆಗ್ಯಾನ," ಎನ್ನುತ್ತಾರೆ.

ಮೊನ್ನೆ ಅತ್ತೆಯ ಫೋನ್ ಬಂತು. ವಾಪಸ್ ಯಾವಾಗ ಬರುತ್ತೀಯೆಂದು ರತ್ನಳನ್ನು ಕೇಳಿದರು.

"ಇಲ್ಲೇ ಇರ್ತೀನಿ ಕನವ್ವ. ಮಗೀನ ಕರ್ಕೊಂಡು ಬಾ."

"ಅವ್ನು ಕುಡಿಯೋದ್ನ ಬುಟ್ಬುಟ್ನಾ?"

ರತ್ನ ನನ್ನ ಮುಖ ನೋಡಿದಳು. ಇನ್ಸುಲಿನ್ನಿನ ಕಥೆಯನ್ನು ಕುಡುಕನ ಹೆಂಡತಿಯಾಗಿ ಬಾಳಿದ ಆ ಮುದುಕಿಗೆ ಎಲ್ಲಿಂದ ಶುರುಮಾಡುವುದು?

"ಊಂ ಕನವ್ವ, ಬುಟ್ಬುಟ್ರು."

ಮುಂದಿನ ಸಲ ಊರಿಗೆ ಬಂದಾಗ, ಕುಡಿತ ಬಿಟ್ಟವನೆಂದು ನೀವೆಲ್ಲ ನನ್ನ ಬೆನ್ನು ತಟ್ಟುತ್ತೀರಿ. ನಾನು ತಟ್ಟಿಸಿಕೊಳ್ಳುತ್ತೇನೆ.