ಅಕ್ಕನಿಗೆ ಬಸ್ಸು ಆಗಲ್ಲ ಎಂದೆ

ಬಸ್ಸು ಹೊರಡುವ ಹೊತ್ತಿಗೆ ಅಕ್ಕ ಓಡಿ ಬಂದು ಕಿಟಕಿಯಿಂದ ಮಫ್ಲರ್ ಕೊಟ್ಟಳು. "ಮಡಿಕೇರೀಲಿ ಚಳಿಯಂತೆ ಕಣೋ, ಕಿವಿಗೆ ಸುತ್ಕೋ" ಎಂದವಳ ಕಣ್ಣು ನನ್ನ ಪಕ್ಕದ ಸೀಟಿನ ಮೇಲೆ ನಿಂತಿತು. ಅಲ್ಲಿ ನನ್ನ ಚೀಲ ಮಾತ್ರ ಇತ್ತು. ಸೀಟೆಲ್ಲ ಭರ್ತಿಯಾಗಿದೆ ಎಂದು ಹಿಂದಿನ ದಿನ ಅವಳಿಗೆ ಸುಳ್ಳು ಹೇಳಿದ್ದೆ.

ಮೈಸೂರಿನ ಒಂಟಿಕೊಪ್ಪಲಿನಲ್ಲಿ ಅಕ್ಕ ಪಾತ್ರೆ ತೊಳೆಯುತ್ತಿದ್ದ ಮನೆಯವರೂ ಅದೇ ಬಸ್ಸಿನಲ್ಲಿದ್ದರು. ಅವರೆದುರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ನನಗೆ ನಾಚಿಕೆ.

ಪ್ರವಾಸ ಹೊರಡಿಸಿದ್ದ ನಮ್ಮ ಮಿಲ್ಲಿನ ಮೇಸ್ತ್ರಿ, "ಜಾಗ ಐತಲ್ಲ, ನೀವೂ ಹತ್ತಿ ಕಣಮ್ಮ. ತಲಕಾವೇರಿ ನೋಡ್ಕೊಂಡು ಬರೋರಂತೆ" ಎಂದರು.

"ಅವಳಿಗೆ ಬಸ್ಸು ಆಗಲ್ಲ, ವಾಂತಿ ಮಾಡ್ಕತಾಳೆ" ಎಂದುಬಿಟ್ಟೆ.

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ಹೂಂ ಕಣಪ್ಪ, ನಂಗಾಗಲ್ಲ. ನೀವು ಹೋಗ್ಬುಟ್ಟು ಬನ್ನಿ" ಎಂದು ನಕ್ಕಳು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಎರಡು ದಿನ ಸುತ್ತಿದೆವು. ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿದ ಕೊಡವರು, ಮಾಪಿಳ್ಳೆ ಮುಸಲ್ಮಾನರ ಅಂಗಡಿ, ಮಂಜು ಕವಿದ ಕಾಫಿ ತೋಟ, ಎಲ್ಲವನ್ನೂ ಜೊತೆಯವರು ಒಬ್ಬರಿಗೊಬ್ಬರು ಕೈಮಾಡಿ ತೋರಿಸುತ್ತಿದ್ದರು. ತೋರಿಸಲು ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ.

ಆಮೇಲೆ ಅಕ್ಕ ಎಂಟು ವರ್ಷ ಬದುಕಿದ್ದಳು. ನನ್ನ ಮಾತು ಸುಳ್ಳಾಗಬಾರದೆಂದು ಒಮ್ಮೆಯೂ ಬಸ್ಸು ಹತ್ತಲಿಲ್ಲ. ನಂಜನಗೂಡಿಗೆ ಹೋಗಬೇಕಾದರೂ ರೈಲಿಗೇ ಕಾಯುತ್ತಿದ್ದಳು. ಪಕ್ಕದಲ್ಲೇ ಬಸ್ಸು ಬಂದು ನಿಂತರೂ, "ಹತ್ತಕ್ಕ" ಎನ್ನಲು ನನಗೆ ಬಾಯಿ ಬರಲಿಲ್ಲ.