ಸೊನ್ನೆಗೆ ಮರಳಿದ ಮುಳ್ಳು

ಏಕೀಕರಣದ ಮಾತು ಗದಗಿನ ಚಹದಂಗಡಿಗಳಲ್ಲೆಲ್ಲ ಕಾವೇರಿದ್ದ ಕಾಲ. ನಾನು ರೈಲು ನಿಲ್ದಾಣದ ಹತ್ತಿರದ ಪೆಟ್ರೋಲ್ ಡಿಪೋದಲ್ಲಿ ಕೆಲಸಕ್ಕಿದ್ದೆ. ಖಾಲಿ ಟ್ಯಾಂಕಿನೊಳಗೆ ಆಳು ಇಳಿಯುವ ಮೊದಲು, ಬೆಂಕಿ ಹಿಡಿಯುವಂಥ ಗ್ಯಾಸು ಉಳಿದಿದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಅದಕ್ಕೊಂದು ಮೀಟರು ಮುಂಬಯಿಯ ಕಂಪನಿ ಕಚೇರಿಯಿಂದ ಬಂದಿತ್ತು. ಚರ್ಮದ ಚೀಲದಲ್ಲಿ ಒಂದು ಪೆಟ್ಟಿಗೆ, ಅದಕ್ಕೆ ಉದ್ದನೆಯ ನಳಿಕೆ, ಹಿಚುಕಿದರೆ ಗಾಳಿ ಎಳೆಯುವ ರಬ್ಬರ್ ಗುಂಡು. ಒಳಗಿನ ಕೂದಲೆಳೆಯಂಥ ತಂತಿ ಬ್ಯಾಟರಿಯಿಂದ ಕಾಯುತ್ತಿತ್ತು. ಗ್ಯಾಸು ತಗುಲಿದರೆ ಇನ್ನಷ್ಟು ಕಾದು ಮುಳ್ಳನ್ನು ಮೇಲೆತ್ತುತ್ತಿತ್ತು.

ದಿನಾ ಬೆಳಿಗ್ಗೆ ಬಯಲಿನಲ್ಲಿ ನಿಂತು ಮುಳ್ಳನ್ನು ಸೊನ್ನೆಗೆ ಹೊಂದಿಸುತ್ತಿದ್ದೆ. ಆಮೇಲೆ ದೊಡ್ಡ ಗಾಜಿನ ಜಾಡಿಯಲ್ಲಿ ಅಳೆದು ಒಂದು ಹನಿ ಪೆಟ್ರೋಲು ಬಿಟ್ಟು, ಅದು ಆರಿದ ಮೇಲೆ ಆ ಗಾಳಿಯನ್ನು ಎಳೆದು ನೋಡುವುದು. ಮುಳ್ಳು ಕೆಂಪು ಗೆರೆಯ ಹತ್ತಿರ ನಿಲ್ಲದಿದ್ದರೆ ಬ್ಯಾಟರಿಯನ್ನೋ ತಂತಿಯನ್ನೋ ಬದಲಿಸಬೇಕು. ಇದನ್ನೆಲ್ಲ ಕಲಿಸಿದವರು ಡಿಪೋದ ಮೇಸ್ತ್ರಿ.

"ಗ್ಯಾಸ್ ಭಾಳ ದಟ್ಟ ಇದ್ದರ ಅದು ಉರಿಯಾಕ ಗಾಳಿನ ಸಾಲೂದಿಲ್ಲ," ಎನ್ನುತ್ತಿದ್ದರು. "ಮುಳ್ಳು ಒಮ್ಮಿ ಜಿಗದು ಸೊನ್ನಿಗೆ ಬೀಳ್ತೈತಿ. ಆ ಸೊನ್ನಿ ನಂಬಬ್ಯಾಡ, ಮ್ಯಾಲ ಗಾಳಿ ಕೂಡಿದಲ್ಲಿ ಕಿಡಿ ಬಿದ್ರ ಸಿಡೀತೈತಿ. ಅದರ ಮ್ಯಾಲಿನ ಕಣ್ಣ ತಗೀಬ್ಯಾಡ."

ಒಂದು ಬೇಸಿಗೆಯಲ್ಲಿ ಲಕ್ಷ್ಮೇಶ್ವರದಿಂದ ಖಬರು ಬಂತು. ಅಲ್ಲಿನ ಪೆಟ್ರೋಲ್ ಪಂಪಿನ ಹಿಂದೆ ಒಬ್ಬ ಮುದುಕಿಯ ಹಿತ್ತಿಲ ಬಾವಿ. ಅದರ ನೀರು ಪೆಟ್ರೋಲು ನಾರುತ್ತಿದೆಯಂತೆ. ಜಾಡಿಯ ಪರೀಕ್ಷೆ ಮುಗಿಸಿ, ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ.

ಹಿತ್ತಿಲಲ್ಲಿ ಜನ ಸೇರಿದ್ದರು. ಪಂಪಿನ ಸಾಹುಕಾರರು ಬಾವಿ ತೋಡುವವನೊಬ್ಬನನ್ನು ಕರೆಸಿದ್ದರು. ಯಾವ ಕಲ್ಲಿನ ಸಂದಿನಿಂದ ಪೆಟ್ರೋಲು ಒಸರುತ್ತಿದೆ ಎಂದು ಅವನು ಇಳಿದು ನೋಡಬೇಕಿತ್ತು. ನಡುಹಗಲಾದರೂ ಬಾವಿಯ ತಳ ಕಾಣುತ್ತಿರಲಿಲ್ಲ. ಹಾಗಾಗಿ ಅವನು ಕಂದೀಲು ಹಚ್ಚಿಕೊಂಡೇ ಬಂದಿದ್ದ. ಅದನ್ನು ಹಿತ್ತಿಲ ಬಾಗಿಲ ಬಳಿ ಇಡಿಸಿ, ನಳಿಕೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆ.

ಗುಂಡು ಹಿಚುಕುತ್ತಿದ್ದಾಗ ಹಗ್ಗ ಕಲ್ಲಿಗೆ ಸಿಕ್ಕಿಕೊಂಡಿತು. ಬಗ್ಗಿ ಬಿಡಿಸಿದೆ. ಮತ್ತೆ ನೋಡಿದಾಗ ಮುಳ್ಳು ಸೊನ್ನೆಯ ಮೇಲಿತ್ತು.

"ಸೊನ್ನಿ ಐತಲ್ರಿ, ಇನ್ನೇನ ಬೇಕು?" ಎಂದರು ಸಾಹುಕಾರರು. "ಇಳಿಯೋ ಜಲ್ದಿ."

ನಾನು ಇನ್ನೊಮ್ಮೆ ಗುಂಡು ಹಿಚುಕಿದೆ. ಮುಳ್ಳು ಅಲುಗಲಿಲ್ಲ. ಅವನು ಕಂದೀಲು ಎತ್ತಿಕೊಂಡು ಬಂದು ಒಂದು ಕಾಲನ್ನು ಕಟ್ಟೆಯ ಮೇಲಿಟ್ಟ.

ನನ್ನ ಮಗ್ಗುಲಲ್ಲೇ ನಿಂತಿದ್ದ ಮುದುಕಿ ಅಂದಳು: "ಯಪ್ಪಾ, ಆ ಮುಳ್ಳು ಎದ್ದು ಬಿತ್ತಲ್ಲೋ. ನೀ ಹಗ್ಗ ನೋಡಾಕ ಹತ್ತಿದ್ದಿ."

ಮೇಸ್ತ್ರಿಯ ಮಾತು ತಟ್ಟನೆ ನೆನಪಾಯಿತು.

"ನಿಲ್ಲೋ! ಅಲ್ಲೇ ನಿಲ್ಲು!" ಎಂದು ಕೂಗಿದೆ. "ಕಂದೀಲ ಊದಬ್ಯಾಡ, ಕೆಳಗ ಇಡಬ್ಯಾಡ, ಗ್ಯಾಸು ನೆಲಾ ಹಿಡದು ಹರೀತೈತಿ. ಹಂಗ ಹಿಡಕೊಂಡು ಹಿಂದ ನಡಿ. ಓಣಿ ತನಕಾ ಹೋಗು."

ಅವನು ನನ್ನ ಮುಖ ನೋಡಿದ. ಕಾಲು ಇಳಿಸಿ ಹೆಜ್ಜೆಹೆಜ್ಜೆಯಾಗಿ ಹಿಂದೆ ಸರಿದ. ಗಾಜಿನೊಳಗೆ ಉರಿ ಅಲುಗುತ್ತಿತ್ತು. ಅವನು ಬಾಗಿಲು ದಾಟಿ ಓಣಿಗಿಳಿದ. ಆಮೇಲೆ ಗುಂಡು ಹಿಚುಕುತ್ತಲೇ ನಳಿಕೆಯನ್ನು ಮೆಲ್ಲಗೆ ಮೇಲೆಳೆದೆ. ಕಟ್ಟೆಯ ಹತ್ತಿರ ಬರುತ್ತಿದ್ದಂತೆ ಮುಳ್ಳು ಸೊನ್ನೆಯಿಂದ ಎದ್ದು ಕೊನೆಯ ಗೆರೆಯನ್ನೂ ದಾಟಿ ಬಡಿಯಿತು. ಸಾಹುಕಾರರು ಕಣ್ಣಾರೆ ಕಂಡರು. ಅಕ್ಕಪಕ್ಕದ ಮನೆಗಳ ಒಲೆ ಆರಿಸಲು ಅವರೇ ಓಡಿದರು.

ಪಂಪಿನ ನೆಲ ಅಗೆದಾಗ ಟ್ಯಾಂಕಿನ ಬೆಸುಗೆ ಬಿಟ್ಟಿದ್ದು ಕಾಣಿಸಿತು.

ಗದಗಿಗೆ ಮರಳಿ ವರದಿ ಬರೆದೆ. ಮುಳ್ಳು ಎದ್ದದ್ದನ್ನು ಕಂಡದ್ದು ಮನೆಯ ಮುದುಕಿ, ನಾನಲ್ಲ ಎಂದೂ ಬರೆದೆ. ಮೇಸ್ತ್ರಿ ಓದಿ, "ಈ ಸಾಲು ಹೊಡದ ಹಾಕು. ಮುಂಬಯಿಯವ್ರು ನಿನ್ನ ಬಿಡೂದಿಲ್ಲ," ಎಂದರು.

"ಖರೆ ಅದ ಐತ್ರಿ," ಎಂದೆ.

ಅವರು ಇನ್ನೊಮ್ಮೆ ಓದಿ ಸಹಿ ಹಾಕಿದರು. ಮುಂಬಯಿಯಿಂದ ಕಟುವಾದ ಕಾಗದ ಬಂತು. ಮೂರು ತಿಂಗಳು ನನ್ನ ಕೈಗೆ ಮೀಟರು ಕೊಡಲಿಲ್ಲ. ಪೀಪಾಯಿ ಎಣಿಸುವ ಕೆಲಸಕ್ಕೆ ಹಾಕಿದರು. ಆ ದಿನಗಳಲ್ಲಿ ನಿದ್ದೆಯಲ್ಲೂ ಕಟ್ಟೆಯ ಮೇಲಿನ ಆ ಕಾಲು ಕಾಣುತ್ತಿತ್ತು.

ಮಳೆಗಾಲ ಕಳೆದು ಮೀಟರು ಮರಳಿ ಕೈಗೆ ಬಂದ ಮೇಲೆ, ಬಾವಿಯಲ್ಲಿ ಗ್ಯಾಸು ಉಳಿದಿಲ್ಲ ಎಂದು ಪರೀಕ್ಷಿಸಿ ಹೇಳಿದವನು ನಾನೇ. ಆದರೆ ಮುದುಕಿ ಆ ನೀರನ್ನು ಮತ್ತೆ ಬಾಯಿಗೆ ಹಾಕಲಿಲ್ಲ, ತನ್ನ ಎಮ್ಮೆಗೂ ಕುಡಿಸಲಿಲ್ಲ.